ಎಕ್ಕದ ತಲೆದಿಂಬು

ಆ ಶುಕ್ರವಾರ ಬೆಳಿಗ್ಗೆ ಹರಿನಾರಾಯಣನ ಮನೆಯಲ್ಲಿ ಹಳದಿ ಬಿಟ್ಟು ಬೇರೆ ಯಾವುದಾದರೂ ಬಣ್ಣದ ನೂಲು ಸಿಕ್ಕಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಇದ್ದದ್ದು ಅದೊಂದೇ ಉಂಡೆ. ಎಂದೋ ಪೂಜೆಗೆ ತಂದು ಉಳಿದದ್ದು. ಒಂಟಿ ಗಂಡಸಿನ ಮನೆಯಲ್ಲಿ ನೂಲು ಅಂತ ಒಂದು ಇದ್ದದ್ದೇ ಹೆಚ್ಚು.

ಹರಿನಾರಾಯಣನಿಗೆ ಮೂವತ್ತೊಂಬತ್ತು. ಗಡಿನಾಡಿನ ಸೀತಾಂಗೋಳಿ ಪೇಟೆಯಲ್ಲಿ ಅವನದ್ದೊಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಅನ್ನುವುದು ಬೋರ್ಡಿಗೆ ಮಾತ್ರ, ನಿಜವಾದ ಕೆಲಸ ಅರ್ಜಿ ಬರೆಯುವುದು. ಆಫೀಸಿನ ಫಾರಮುಗಳೆಲ್ಲ ಮಲಯಾಳದಲ್ಲಿ, ಪುತ್ತಿಗೆ ಕಡೆಯ ಮುದುಕರ ಕಷ್ಟಗಳೆಲ್ಲ ಕನ್ನಡದಲ್ಲಿ, ನಡುವೆ ಹರಿನಾರಾಯಣ. ರೇಶನ್ ಕಾರ್ಡಿನಲ್ಲಿ ಸತ್ತವರನ್ನು ತೆಗೆಯಬೇಕಾದರೂ, ಹುಟ್ಟಿದವರನ್ನು ಸೇರಿಸಬೇಕಾದರೂ, ಬಿದ್ದ ಬಾವಿಕಟ್ಟೆಗೆ ಸಹಾಯ ಕೇಳಬೇಕಾದರೂ ಅವನ ಬಳಿ ಬರಬೇಕು. ಎಂಥ ಸಂಕಟವನ್ನಾದರೂ ಅವನು ನಾಲ್ಕು ಗೆರೆಯ ಮಲಯಾಳಕ್ಕೆ ಇಳಿಸಿಬಿಡುತ್ತಿದ್ದ. ತನ್ನದೊಂದು ಅರ್ಜಿ ಮಾತ್ರ ನಾಲ್ಕು ವರ್ಷಗಳಿಂದ ಬಾಯಿಯವರೆಗೆ ಬಂದು ಹಿಂದೆ ಹೋಗುತ್ತಿತ್ತು.

ಆ ಅರ್ಜಿ ಶ್ರೀರಂಜಿನಿಗೆ ಸಲ್ಲಬೇಕಾದದ್ದು. ಅವಳು ವಿಲ್ಲೇಜ್ ಆಫೀಸಿನಲ್ಲಿ ಕ್ಲಾರ್ಕು. ತಂದೆತಾಯಿ ತೀರಿಕೊಂಡ ಮೇಲೆ ಒಬ್ಬಳೇ ಈ ಊರಿಗೆ ಬಂದು, ಸೌದಾಮಿನಿಯಮ್ಮನ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದಳು. ಆಫೀಸಿನಲ್ಲೇ ಜೆರಾಕ್ಸ್ ಮಿಶನ್ ಇದ್ದರೂ ವಾರಕ್ಕೆರಡು ಸಲ ಹರಿನಾರಾಯಣನ ಅಂಗಡಿಗೆ ಬರುತ್ತಿದ್ದಳು. ಊರಿಗೆಲ್ಲ ಅವನು ಹರಿಯಣ್ಣ. ಅವಳೊಬ್ಬಳಿಗೆ ಮಾತ್ರ ‘ಹರಿನಾರಾಯಣರೇ’. ಅವಳು ಬಿಟ್ಟುಬಿಟ್ಟ ಆ ಒಂದು ‘ಅಣ್ಣ’ನನ್ನು ನೆನೆದುಕೊಂಡೇ ಅವನು ನಾಲ್ಕು ವರ್ಷ ಸುಖವಾಗಿ ಸಂಕಟಪಟ್ಟಿದ್ದ.

ಹಿಂದಿನ ಸೋಮವಾರ ಅವಳು ಬಂದು ಕೌಂಟರಿಗೆ ಒರಗಿ ನಿಂತಳು.

“ಹರಿನಾರಾಯಣರೇ, ಪ್ರಮೋಷನ್ ಬೇಡ ಅಂತ ಬರೆದುಕೊಡ್ಲಿಕ್ಕೆ ಒಂದು ಅರ್ಜಿ ಆಗಬೇಕಿತ್ತು.”

ದಿನಕ್ಕೆ ಐವತ್ತು ಕಾಗದ ಬರೆಯುವವಳು ಅವಳು, ಇದೊಂದಕ್ಕೆ ಅವನು ಬೇಕೇ? ಅವನಿಗೆ ಅದು ಹೊಳೆಯಲಿಲ್ಲ.

“ಬೇಡವಾ? ಯಾಕೆ?”

“ತೃಶ್ಶೂರಿಗೆ ಹಾಕಿದ್ದಾರೆ. ಹೋಗುವುದಾ, ಇರುವುದಾ ಅಂತ ನಾಲ್ಕು ತಿಂಗಳಾಯ್ತು ಕಣ್ಣಿಗೆ ನಿದ್ದೆ ಇಲ್ಲ. ಶುಕ್ರವಾರ ಐದು ಗಂಟೆಯ ಒಳಗೆ ಹೇಳಬೇಕು. ಕಾರಣ ಅಂತ ಒಂದು ಕಾಲಂ ಉಂಟಲ್ಲ, ಅಲ್ಲಿ ಎಂತ ಬರೆಯುವುದು?”

“ಕುಟುಂಬದ ಕಾರಣ ಅಂತ ಬರೆಯುವ. ಎಲ್ಲರೂ ಅದೇ ಬರೆಯುವುದು.”

“ನನಗೆ ಇಲ್ಲಿ ಕುಟುಂಬ ಎಲ್ಲುಂಟು?” ಎಂದು ಶ್ರೀರಂಜಿನಿ ಅವನ ಮುಖವನ್ನೇ ನೋಡಿದಳು.

ಅಷ್ಟು ಅಗಲಕ್ಕೆ ಬಾಗಿಲು ತೆರೆದರೆ ಎಮ್ಮೆಯೂ ಒಳಗೆ ಹೋಗುತ್ತದೆ. ಹರಿನಾರಾಯಣ ಬೆನ್ನು ತಿರುಗಿಸಿ ಮಿಶನಿಗೆ ಕಾಗದ ತುಂಬಿದ. ಅದರಲ್ಲಿ ಆಗಲೇ ಕಾಗದ ತುಂಬಿತ್ತು.

ಅವಳು ಸಣ್ಣಗೆ ನಕ್ಕಳು. “ನಮ್ಮ ಅಜ್ಜಿಯ ಹತ್ರ ಎಕ್ಕದ ಹತ್ತಿಯ ತಲೆದಿಂಬು ಇತ್ತು. ತಲೆ ಇಟ್ಟ ಕೂಡಲೇ ನಿದ್ದೆ. ಈಗ ಅದೆಲ್ಲ ಮಾಡುವವರು ಯಾರಿದ್ದಾರೆ?” ಎಂದವಳೇ ಖಾಲಿ ಫಾರಮು ತೆಗೆದುಕೊಂಡು ಬಿಸಿಲಿಗಿಳಿದಳು. ಅವಳು ರಸ್ತೆ ದಾಟಿ ಮರೆಯಾಗುವವರೆಗೆ ಅವನು ನೋಡುತ್ತಲೇ ಇದ್ದ. ಕರೆದಿದ್ದರೆ ತಿರುಗುತ್ತಿದ್ದಳು. ಕರೆಯಲಿಲ್ಲ.

ಆಡಬೇಕಾದ ಮಾತು ಬಾರದವನಿಗೆ ಕೈಕೆಲಸದಲ್ಲಿ ಭಾರಿ ನಂಬಿಕೆ. ಎಕ್ಕದ ದಿಂಬನ್ನು ಅವಳ ಕೈಯಲ್ಲಿಟ್ಟರೆ ಉಳಿದದ್ದು ತಾನಾಗಿ ಬಾಯಿಗೆ ಬರುತ್ತದೆ ಎಂದು ಹರಿನಾರಾಯಣ ತೀರ್ಮಾನಿಸಿದ. ನೆರೆಮನೆಯ ಈಶ್ವರಪ್ರಸಾದ ಮಾಷ್ಟ್ರನ್ನು ಕೇಳಿದ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವರು, ನಿವೃತ್ತಿಯ ಮೇಲೆ ಕೇಳುವವರಿಲ್ಲದೆ ಸೊರಗಿದ್ದರು.

“ನೀರಿಲ್ಲದ ಕಲ್ಲುಪಾದೆಯ ಗಿಡಗಳು ಭಾರಿ ಜೋರು ಮಾರಾಯ,” ಎಂದು ಮಾಷ್ಟ್ರು ಕುರ್ಚಿ ಎಳೆದರು. “ಮುಳಿಹುಲ್ಲಿನ ಬೀಜ ನಿನ್ನ ಮುಂಡಿಗೆ ಅಂಟಿಕೊಂಡು ಊರು ಬಿಡ್ತದೆ. ಚಟಪಟ ಗಿಡ ಉಂಟಲ್ಲ, ಒಣಗಿದ ಕಾಯಿಗೆ ಒಂದು ಹನಿ ನೀರು ಬೀಳಲಿ, ಪಟ್ಟಂತ ಸಿಡಿದು ಬೀಜ ಎಸೀತದೆ. ಎಕ್ಕಕ್ಕೆ ಗಾಳಿಯೇ ಗಾಡಿ. ಕಾಯಿ ಬಿರಿದ ದಿನವೇ ಹೊರಟಿತು! ನಾಳೆ ನೋಡುವ, ನಾಡಿದ್ದು ನೋಡುವ ಅಂತ ಕೂತರೆ ಇಂಥ ನೆಲದಲ್ಲಿ ವಂಶ ಉಳಿಯುವುದಿಲ್ಲ.”

ಕೊನೆಯ ಮಾತು ತನಗೇ ಹೇಳಿದ್ದೋ ಏನೋ ಎಂದು ಹರಿನಾರಾಯಣ ತಲೆ ತಗ್ಗಿಸಿದ.

“ಹಸಿಯಾಗಿ ಕಿತ್ತರೆ ಹತ್ತಿ ಒದ್ದೆ, ಬಿರಿದ ಮೇಲೆ ಹೋದರೆ ಸಿಪ್ಪೆ ಮಾತ್ರ. ಹೊಟ್ಟೆ ಒಡೆಯಲಿಕ್ಕೆ ಶುರುವಾದ ದಿನ ಬೆಳಿಗ್ಗೆ ಹೋಗಿ, ಕಾಯಿಗೆ ನೂಲು ಸುತ್ತಿ ಕಟ್ಟಿ, ಆಮೇಲೆ ಕೀಳು. ನೂಲು ಮರೀಬೇಡ.”

ದಿನಾ ಹೋಗಿ ನೋಡಿದ. ಕಾಯಿ ಬಿರಿಯಲು ಶುರುವಾದದ್ದು ಶುಕ್ರವಾರವೇ.

ಅಂಗಡಿಗೆ ನೇರ ಹೋಗಬೇಕೆಂದು ಮಿಂದು, ಒಗೆದ ಬಿಳಿ ಮುಂಡು ಉಟ್ಟು, ಆರು ಗಂಟೆಗೆ ಅವನು ಹಳೆಯ ಕಲ್ಲುಕೋರೆಯ ಹಿಂದಿನ ಪಾದೆಗೆ ಹೋದ. ನೀರಿನ ಪಸೆ ಇಲ್ಲದ ಕೆಂಪುಕಲ್ಲಿನ ಬೋಳು ನೆಲ. ಅದರ ನಡುವೆ ಆಳೆತ್ತರದ ಎಕ್ಕದ ಗಿಡ ಒಂದೇ ನಿಂತಿತ್ತು. ಕಾಯಿ ಎಲ್ಲೆಲ್ಲಿದೆ ಎಂದು ನೋಡಲು ಅದಕ್ಕೆ ಮೂರು ಸುತ್ತು ಬಂದ. ಹಳದಿ ನೂಲು ತೆಗೆದ. ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಕಷ್ಟವೆಂದು ಕಣ್ಣು ಮುಚ್ಚಿ, ತುಟಿಯಲ್ಲಿ ಒಂದು, ಎರಡು ಎಂದು ಎಣಿಸುತ್ತಾ, ಒಂದೊಂದೇ ಕಾಯಿಗೆ ಗಂಟು ಹಾಕತೊಡಗಿದ.

ಅಷ್ಟೂ ಹೊತ್ತು ಹೊನ್ನಯ್ಯ ಹಾಲಿನ ಕ್ಯಾನು ಹಿಡಿದು ಪಾದೆಯ ಕಾಲುದಾರಿಯಲ್ಲಿ ನಿಂತು ನೋಡುತ್ತಿದ್ದ. ಕಂಡದ್ದಿಷ್ಟು. ಮಿಂದು ಮಡಿಯುಟ್ಟ ಗಂಡಸು, ಎಕ್ಕದ ಗಿಡ, ಮೂರು ಸುತ್ತು, ಮುಚ್ಚಿದ ಕಣ್ಣು, ಮಂತ್ರ, ಹಳದಿ ನೂಲಿನ ಗಂಟು.

ಜಾತಕದಲ್ಲಿ ದೋಷ ಇರುವ ಗಂಡಿಗೆ ಮೊದಲು ಎಕ್ಕದ ಗಿಡದೊಡನೆ ಮದುವೆ ಮಾಡಿಸುವುದು ಹಳೆಯ ಕ್ರಮ. ಬರುವ ಕೇಡೆಲ್ಲ ಗಿಡಕ್ಕೆ ತಟ್ಟಲಿ, ಆಮೇಲೆ ಬರುವ ಹುಡುಗಿ ಸುಖವಾಗಿರಲಿ ಎಂದು. ಹರಿನಾರಾಯಣನ ಜಾತಕದಲ್ಲಿ ದೋಷ ಇರುವುದೂ, ಅದರಿಂದ ಹಿಂದೆ ಎರಡು ಸಂಬಂಧ ಮುರಿದದ್ದೂ ಊರಿಗೇ ಗೊತ್ತು. ಹೊನ್ನಯ್ಯ ಮರ್ಯಾದಸ್ಥ. ಶುಭಕಾರ್ಯಕ್ಕೆ ಅಡ್ಡಿಯಾಗಬಾರದೆಂದು ತಲೆಗೆ ಕಟ್ಟಿದ ಬೈರಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಸದ್ದಿಲ್ಲದೆ ಸುತ್ತುದಾರಿಯಲ್ಲಿ ಹೋದ. ಹಾಲಿನ ಸೊಸೈಟಿ ತಲುಪುವವರೆಗೆ ಯಾರಿಗೂ ಹೇಳಲಿಲ್ಲ. ದಾರಿಯಲ್ಲಿ ಯಾರೂ ಸಿಕ್ಕಿರಲಿಲ್ಲ.

ಹರಿನಾರಾಯಣನಿಗೆ ಇದೊಂದೂ ತಿಳಿಯದು. ಎಪ್ಪತ್ತೆರಡು ಕಾಯಿಗಳನ್ನು ಚೀಲದಲ್ಲಿ ತುಂಬಿ ಮನೆಗೆ ಬಂದ, ಚಾಪೆ ಹಾಸಿ ಕೂತ, ಕಾಯಿ ಬಿಡಿಸಿ ಬೀಜ ಒಂದು ಕಡೆ, ಹತ್ತಿ ಒಂದು ಕಡೆ ಮಾಡತೊಡಗಿದ. ಪ್ರತಿ ಬೀಜಕ್ಕೂ ಒಂದು ಬೆಳ್ಳನೆಯ ಜುಟ್ಟು. ಜುಟ್ಟು ಹಿಡಿದು ಎಳೆದು ಬೀಜ ಬಿಡಿಸಬೇಕು. ರೇಷ್ಮೆಯಂಥ ಆ ಹತ್ತಿ ಬೆರಳಿಗೆ ತಾಗಿದರೆ ತಾಗಿದ್ದೇ ತಿಳಿಯುವುದಿಲ್ಲ. ಇದರ ಮೇಲೆ ಅವಳ ಕೆನ್ನೆ ಇರುತ್ತದೆ ಎಂದುಕೊಂಡ. ಒಬ್ಬನೇ ಇದ್ದರೂ ಅವನಿಗೆ ನಾಚಿಕೆಯಾಯಿತು.

ಬೆಳಗ್ಗಿನಿಂದ ಕರೆಂಟು ಇರಲಿಲ್ಲ. ಎಂಟೂವರೆಗೆ ಬಂತು. ಕರೆಂಟು ಹೋದಾಗ ಅವನು ಫ್ಯಾನಿನ ಸ್ವಿಚ್ಚು ಆರಿಸಿರಲಿಲ್ಲ.

ಆಮೇಲಿನದನ್ನು ಏನೆಂದು ಹೇಳುವುದು! ಕೋಣೆಯೊಳಗೆ ಬಿಳಿ ಗಾಳಿಯೊಂದು ಎದ್ದು, ಮೂರು ಸುತ್ತು ತಿರುಗಿ, ಕಿಟಕಿಯಿಂದ ಹೊರಬಿದ್ದು, ಮಾಷ್ಟ್ರ ಅಂಗಳಕ್ಕೆ ಹೋಯಿತು. ಅಲ್ಲಿ ಮಾಷ್ಟ್ರ ಹೆಂಡತಿ ಶಂಕರಿಯಮ್ಮ ಆಗಷ್ಟೇ ಸಂಡಿಗೆ ಹಾಕಿ ಸೊಂಟ ನೆಟ್ಟಗೆ ಮಾಡುತ್ತಿದ್ದರು.

“ಬಾ ಇಲ್ಲಿ, ಬಾ ಇಲ್ಲಿ!” ಮಾಷ್ಟ್ರು ಕುಣಿದಾಡಿದರು. “ನೋಡು, ಒಂದೊಂದು ಬೀಜವೂ ತನ್ನ ಕೊಡೆ ಬಿಡಿಸಿಕೊಂಡು ಹೇಗೆ ಹೊರಟಿದೆ!”

“ಕೊಡೆಯಂತೆ ಕೊಡೆ! ನನ್ನ ಸಂಡಿಗೆಗೆಲ್ಲ ಗಡ್ಡ ಬಂತು!” ಎಂದು ಶಂಕರಿಯಮ್ಮ ಹಿಡಿಸೂಡಿ ಎತ್ತಿದರು. ಅದು ಹತ್ತಿಗೋ, ಗಂಡನಿಗೋ, ಬೇಲಿಯಾಚೆ ಕೈಮುಗಿದು ನಿಂತ ಹರಿನಾರಾಯಣನಿಗೋ ಎಂಬುದು ಸ್ಪಷ್ಟವಾಗಲಿಲ್ಲ.

ಉಳಿದದ್ದು ಅರ್ಧ ದಿಂಬಿನಷ್ಟು. ಹರಿನಾರಾಯಣ ಮತ್ತೆ ಪಾದೆಗೆ ಓಡಿದ. ಹತ್ತು ಗಂಟೆಯ ಬಿಸಿಲಿಗೆ ಕಲ್ಲು ಕಾದ ಕಾವಲಿಯಾಗಿತ್ತು. ಬಿಟ್ಟುಬಂದ ಕಾಯಿಗಳು ಒಂದೊಂದಾಗಿ ಬಿರಿಯುತ್ತಿದ್ದವು. ಅವನು ಬೈರಾಸು ಬಿಡಿಸಿ ಹಿಡಿದು ಹತ್ತಿಯ ಹಿಂದೆ ಓಡಿದ, ಎಡಕ್ಕೆ ಓಡಿದರೆ ಗಾಳಿ ಬಲಕ್ಕೆ ಬೀಸಿತು. ಮುಳಿಹುಲ್ಲಿನ ಬೀಜಗಳು ಮುಂಡಿನ ಅಂಚಿನಿಂದ ಮೊಣಕಾಲಿನವರೆಗೆ ಚುಚ್ಚಿ ಕೂತವು. ಒಮ್ಮೆ ಒಂದು ಬೀಜ ತಾನಾಗಿ ಇಳಿದು ಅವನ ಅಂಗೈ ಮೇಲೆ ನಿಂತಿತು. ಉಸಿರು ಬಿಟ್ಟರೆ ಹಾರೀತೆಂದು ಅವನು ಉಸಿರು ಹಿಡಿದ. ಶ್ರೀರಂಜಿನಿ ಅಂಗಡಿಗೆ ಬಂದಾಗಲೂ ಅವನು ಹೀಗೆಯೇ ನಿಲ್ಲುತ್ತಿದ್ದ. ಅವಳು ಹೋದ ಮೇಲೆ ಅಂಗಡಿ ಎಷ್ಟು ಖಾಲಿ ಕಾಣುತ್ತಿತ್ತು! ಇನ್ನು ತೃಶ್ಶೂರಿಗೇ ಹೋದರೆ? ಅವನು ಬೆರಳು ಮಡಚಿ ಆ ಒಂದನ್ನೂ ಚೀಲಕ್ಕೆ ಹಾಕಿದ.

ಚೀಲ ತುಂಬುವಾಗ ಗಂಟೆ ಹನ್ನೆರಡೂವರೆ. ಅಂಗಡಿ ತೆರೆಯುವ ಯೋಚನೆ ಬಿಟ್ಟು ನೇರವಾಗಿ ಟೈಲರ್ ಜಲಜಾಕ್ಷಿಯ ಬಳಿ ಹೋದ. ಅವಳು ಅವನ ತಲೆಯ ಹತ್ತಿಯಿಂದ ಮುಂಡಿನ ಮುಳಿಯವರೆಗೆ ನೋಡಿ ನಕ್ಕಳು.

“ತಲೆದಿಂಬಿಗೆ ಒಂದು ಚೀಲ ಆಗಬೇಕಿತ್ತು ಅಕ್ಕ. ಈಗಲೇ.”

“ಒಂದು ಸಾಕಾ?”

“ಸಾಕು.”

“ಅಯ್ಯೋ, ನಮ್ಮಿಂದ ಅಡಗಿಸಿ ಎಂತ ಮಾಡ್ಲಿಕ್ಕುಂಟು ಹರಿಯಣ್ಣ? ಪೇಟೆಗೆಲ್ಲ ಗೊತ್ತಾಗಿದೆ. ಒಳ್ಳೆ ವಿಷಯವೇ ಅಲ್ವಾ? ಇಷ್ಟು ವರ್ಷಕ್ಕಾದರೂ ಮನಸ್ಸು ಮಾಡಿದ್ರಲ್ಲ!”

ಹರಿನಾರಾಯಣನಿಗೆ ಆಗ ಹೊಳೆಯಿತು. ದಾರಿಯಲ್ಲಿ ಇಬ್ಬರು ಮೂವರು “ಊಟ ಯಾವಾಗ?” ಎಂದು ಕೇಳಿ ನಕ್ಕದ್ದು ಇದಕ್ಕೇ ಇರಬೇಕು. ನಾಲ್ಕು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಊರಿಗೇ ಗೊತ್ತಾಗಿದೆ! ಗೊತ್ತಾಗಿಯೂ ಯಾರೂ ಬೈಯುತ್ತಿಲ್ಲ, ನಗುತ್ತಿದ್ದಾರೆ! ಸಂತೋಷದಿಂದ ಅವನಿಗೂ ನಗು ಬಂತು.

“ಹಾಗಾದ್ರೆ ನಿಜವಾ?”

“ನಿಜ ಅಕ್ಕ,” ಎಂದ. ಜೀವಮಾನದಲ್ಲಿ ಮೊದಲ ಸಲ ಗಟ್ಟಿಯಾಗಿ ಹೇಳಿದ್ದ. “ನಿಜವೇ. ತೀರ್ಮಾನ ಮಾಡಿ ಆಯ್ತು.”

“ಹುಡುಗಿ ಯಾರು?”

“ಇವತ್ತು ಸಾಯಂಕಾಲ ಎಲ್ಲರಿಗೂ ಗೊತ್ತಾಗ್ತದೆ.”

ಅಷ್ಟರಲ್ಲಿ ಜಲಜಾಕ್ಷಿಯ ಫೋನು ಹೊಡೆದುಕೊಂಡಿತು. ಅವಳು ಹೆಸರು ನೋಡಿ ಪರದೆಯ ಹಿಂದೆ ಹೋದಳು. “ಹೌದು... ನಿಜ ಅಂತೆ. ಅವರೇ ಹೇಳಿದ್ರು, ಈಗ ನನ್ನ ಅಂಗಡಿಯಲ್ಲೇ ಇದ್ದಾರೆ... ಸರಿ, ಇಡ್ತೇನೆ” ಎಂಬಷ್ಟು ಅವನ ಕಿವಿಗೆ ಬಿತ್ತು. ಇರಲಿ, ನಾಲ್ಕು ಜನಕ್ಕೆ ತಿಳಿದರೆ ಒಳ್ಳೆಯದೇ ಎಂದುಕೊಂಡು ಅವನು ಹೂವಿನ ಚಿತ್ರದ ಬಟ್ಟೆ ಆರಿಸಿದ.

ಹೊಲಿದು, ತುಂಬಿ, ಬಾಯಿ ಮುಚ್ಚಿ, ದಿಂಬನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಮೊದಲು ವಿಲ್ಲೇಜ್ ಆಫೀಸಿಗೆ ಹೋದ, ಅವಳು ರಜೆಯೆಂದು ತಿಳಿದು ಸೌದಾಮಿನಿಯಮ್ಮನ ಮನೆ ತಲುಪುವಾಗ ಮೂರೂಕಾಲು. ಸೌದಾಮಿನಿಯಮ್ಮ ಕುಟುಂಬಶ್ರೀ ಮಹಿಳಾ ಸಂಘದ ಸಭೆಗೆ ಹೊರಟು ಜಗಲಿಯಲ್ಲಿ ಚಪ್ಪಲಿ ಹುಡುಕುತ್ತಿದ್ದರು.

“ಶ್ರೀರಂಜಿನಿ ಇದ್ದಾರಾ?”

“ಮೆಲ್ಲ ಮಾತಾಡಿ. ಮಲಗಿದ್ದಾಳೆ.”

“ನಿದ್ದೆ ಬಂತಾ?” ಕೈಯಲ್ಲಿದ್ದ ದಿಂಬು ಒಮ್ಮೆಗೇ ಹಗುರವಾದಂತೆ ಅನಿಸಿತು.

“ಬಂತು. ನಾಲ್ಕು ತಿಂಗಳ ಮೇಲೆ ಬಂತು. ಎಲ್ಲ ನಿಮ್ಮ ದಯೆ.”

“ನನ್ನದಾ?”

“ಮತ್ತೆ? ನಿಮ್ಮ ಎಕ್ಕದ ಮದುವೆ ಆಯಿತು ಅಂತ ಹೊನ್ನಯ್ಯ ಬೆಳಿಗ್ಗೆ ಹೇಳಿದ. ಇವಳು ನಂಬಲೇ ಇಲ್ಲ. ಮಧ್ಯಾಹ್ನ ಜಲಜಾಕ್ಷಿಗೆ ಫೋನು ಮಾಡಿದಳು. ನೀವೇ ಹೌದು ಅಂದಿರಂತಲ್ಲ. ಪ್ರಮೋಷನ್ ಬೇಡ ಅಂತ ಬರೆದಿಟ್ಟದ್ದನ್ನು ಹರಿದು ಒಲೆಗೆ ಹಾಕಿದಳು. ತೃಶ್ಶೂರಿಗೆ ಬರ್ತೇನೆ ಅಂತ ಮೈಲ್ ಕಳಿಸಿದಳು. ಒಂದಿಷ್ಟು ಹೊತ್ತು ಅತ್ತಳು. ಮತ್ತೆ ಗಂಜಿ ಉಂಡು ಮಲಗಿದವಳು ಅಲುಗಲಿಲ್ಲ. ಇನ್ನು ಯಾರನ್ನೂ ಕಾಯುವ ಕೆಲಸ ಇಲ್ಲವಲ್ಲ, ನಿದ್ದೆ ಬಾರದೆ ಎಂತ?”

ಹರಿನಾರಾಯಣ ಜಗಲಿಯ ಮೆಟ್ಟಿಲಲ್ಲಿ ಕೂತ. ಅವಳು ಕಾದಿದ್ದಳು! ನಾಲ್ಕು ತಿಂಗಳು ಅವಳ ನಿದ್ದೆ ಕೆಡಿಸಿದವನು ತಾನೇ! ತನ್ನಂಥವನಿಗಾಗಿ ಒಬ್ಬಳು ನಿದ್ದೆ ಬಿಟ್ಟಿದ್ದಳೆಂಬ ಸಂತೋಷಕ್ಕೂ, ಅದನ್ನು ತಿಳಿದ ಹೊತ್ತಿಗೆ ಅವಳು ನಿದ್ದೆಹೋಗಿದ್ದಾಳೆಂಬ ದುಃಖಕ್ಕೂ ಅವನ ಕಣ್ಣು ತುಂಬಿತು.

“ಅದು ಮದುವೆ ಅಲ್ಲ ಅಮ್ಮ. ಹತ್ತಿ ಹಾರಿಹೋಗದ ಹಾಗೆ ಕಾಯಿಗೆ ನೂಲು ಕಟ್ಟಿದ್ದು. ಈ ದಿಂಬಿಗೆ. ಇದು ಅವರಿಗೆ.”

ಸೌದಾಮಿನಿಯಮ್ಮ ಹಣೆ ಚಚ್ಚಿಕೊಂಡರು. “ಅಯ್ಯೋ ದೇವರೇ! ಎಬ್ಬಿಸಲಾ?”

ಅರ್ಧ ತೆರೆದ ಕಿಟಕಿಯಿಂದ ಅವನು ನೋಡಿದ. ಬರಿಯ ಚಾಪೆಯಲ್ಲಿ, ಮಡಚಿದ ತೋಳಿಗೆ ತಲೆಯಿಟ್ಟು ಅವಳು ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಇಷ್ಟು ದಿನ ಕಣ್ಣಿನ ಕೆಳಗಿದ್ದ ಕಪ್ಪು ಎಲ್ಲಿಗೋ ಹೋದ ಹಾಗಿತ್ತು. ಆ ಮುಖವನ್ನು ಎಷ್ಟು ಹೊತ್ತು ನೋಡಿದರೂ ಅವನಿಗೆ ಸಾಕಾಗುತ್ತಿರಲಿಲ್ಲ.

“ಬೇಡ,” ಎಂದ. “ಐದು ಗಂಟೆಯವರೆಗೆ ಸಮಯ ಉಂಟಲ್ಲ, ಇನ್ನೊಂದು ಮೈಲ್ ಕಳಿಸಿದರೆ ಆಯ್ತು. ನಾಲ್ಕಕ್ಕೆ ನಾನೇ ಎಬ್ಬಿಸ್ತೇನೆ. ಸ್ವಲ್ಪ ಮಲಗಲಿ.”

“ಈ ಸಲವಾದರೂ ಬಾಯಿಬಿಟ್ಟು ಹೇಳಿ ಮಾರಾಯ್ರೆ!” ಎಂದು ಸೌದಾಮಿನಿಯಮ್ಮ ಕೊಡೆ ಹಿಡಿದು ಹೊರಟರು.

ಹರಿನಾರಾಯಣ ಗೋಡೆಗೊರಗಿ ಕೂತು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿದ. ಬೆಳಗ್ಗಿನಿಂದ ಓಡಿದ ಕಾಲು ನೋಯುತ್ತಿತ್ತು, ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ದಿಂಬಿನಲ್ಲಿ ಎಲ್ಲಾದರೂ ಬೀಜ ಉಳಿದು ಅವಳಿಗೆ ಚುಚ್ಚಿದರೆ ಎಂದು ಅನುಮಾನ ಬಂತು. ಕೈಯಲ್ಲಿ ಒತ್ತಿ ನೋಡಿದ. ಕೈಗೆ ತಿಳಿಯದ್ದು ಕೆನ್ನೆಗೆ ತಿಳಿದೀತೆಂದು ನೆಲದಲ್ಲಿಟ್ಟು ಒಂದೇ ಒಂದು ಕ್ಷಣ ತಲೆಯಿಟ್ಟು ನೋಡಿದ. ಎಷ್ಟು ತಂಪು!

ಯಾರೋ ಭುಜ ಹಿಡಿದು ಅಲುಗಿಸಿದರು. ಕಣ್ಣು ಬಿಟ್ಟರೆ ಸೌದಾಮಿನಿಯಮ್ಮ. ಅಂಗಳದಲ್ಲಿ ಬಿಸಿಲು ಇರಲಿಲ್ಲ.

“ಎಂತ ಮಾರಾಯ್ರೆ ಇದು! ಆರೂವರೆ ಆಯ್ತು! ಅವಳೆಲ್ಲಿ?”

ಕೋಣೆಯಲ್ಲಿ ಚಾಪೆ ಸುತ್ತಿಟ್ಟಿತ್ತು. ಸೂಟ್‌ಕೇಸು ಇರಲಿಲ್ಲ. ಅವನ ಕಿಸೆಯಿಂದ ಒಂದು ಚೀಟಿ ಇಣುಕುತ್ತಿತ್ತು.

‘ಹರಿಯಣ್ಣಾ, ಮದುವೆಯ ಹೇಳಿಕೆ ಕೊಡಲು ಬಂದದ್ದಾಗಿರಬೇಕು. ಸಿಕ್ಕಿತು ಅಂತಲೇ ತಿಳಿಯಿರಿ. ಮದುವೆಯ ಓಡಾಟದಲ್ಲಿ ಬಹಳ ಸುಸ್ತಾದ ಹಾಗೆ ಕಂಡಿತು. ನಿದ್ದೆ ಇಲ್ಲದವರ ಕಷ್ಟ ನನಗೆ ಗೊತ್ತುಂಟು, ಎಬ್ಬಿಸಲು ಮನಸ್ಸಾಗಲಿಲ್ಲ. ಸೋಮವಾರವೇ ಕೆಲಸಕ್ಕೆ ಸೇರಬೇಕಂತೆ, ಇವತ್ತೇ ಹೊರಟೆ. ರಿಕ್ಷಾ ಬಂತು. ಒಳ್ಳೆಯದಾಗಲಿ. ಶ್ರೀರಂಜಿನಿ.’

ಅವನಿಗೆ ಮೊದಲ ಶಬ್ದವನ್ನು ದಾಟಿ ಮುಂದೆ ಹೋಗಲು ಬಹಳ ಹೊತ್ತು ಬೇಕಾಯಿತು. ಐದು ಗಂಟೆ ಕಳೆದು ಒಂದೂವರೆ ಗಂಟೆಯಾಗಿತ್ತು. ಪ್ರಮೋಷನ್ ಬೇಡ ಎನ್ನಲು ಇನ್ನು ದಾರಿ ಇರಲಿಲ್ಲ.

“ಫೋನಾದರೂ ಮಾಡಿ!” ಸೌದಾಮಿನಿಯಮ್ಮ ತಮ್ಮ ಮೊಬೈಲನ್ನೇ ಒತ್ತಿ ಅವನ ಕೈಗಿಟ್ಟರು.

ಬಹಳ ಸಲ ಹೊಡೆದುಕೊಂಡು ಆ ಕಡೆ ಎತ್ತಿದ್ದು ಕೇಳಿಸಿತು. ರೈಲಿನ ಸದ್ದು ಬಂತು. ಹಲೋ ಎನ್ನುವವರೆಗೂ ಕಾದರೆ ಧೈರ್ಯ ಹೋದೀತೆಂದು ಹರಿನಾರಾಯಣ ಕಣ್ಣು ಮುಚ್ಚಿ ಶುರುಮಾಡಿದ. ನೂಲು, ಕಾಯಿ, ಹೊನ್ನಯ್ಯ, ಫ್ಯಾನು, ಜಲಜಾಕ್ಷಿ ಎಲ್ಲ ಹೇಳಿದ. ಅವಳು ರಸ್ತೆ ದಾಟುವಾಗ ತಾನು ನೋಡುತ್ತಾ ನಿಲ್ಲುವುದನ್ನು ಹೇಳಿದ. ಅವಳಿಲ್ಲದ ಅಂಗಡಿ, ಅವಳಿಲ್ಲದ ಸಂಜೆ, ಅವಳಿಲ್ಲದ ಊರು ತನಗೆ ಬೇಡವೆಂದು ಹೇಳಿದ. ಕಾರಣದ ಕಾಲಮಿನಲ್ಲಿ ತನ್ನ ಹೆಸರು ಬರೆಯಬೇಕಾಗಿತ್ತು ಎಂದು ಹೇಳಿದ. ನಾಲ್ಕು ವರ್ಷದ್ದು ನಾಲ್ಕು ನಿಮಿಷದಲ್ಲಿ ಮುಗಿಯಿತು. ಸೌದಾಮಿನಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಎನಿಕ್ಕ್ ಕನ್ನಡ ಅರಿಯಿಲ್ಲ ಮೋನೇ,” ಎಂದಿತು ಆ ಕಡೆಯ ಸ್ವರ.

ಯಾರೋ ವಯಸ್ಸಾದ ಹೆಂಗಸು. ತನಗೆ ಕನ್ನಡ ಬಾರದು ಮಗನೇ ಎಂದಳು. ಪಕ್ಕದ ಸೀಟಿನ ಈ ಹುಡುಗಿ ತನ್ನ ಹೆಗಲಿಗೆ ಒರಗಿ ಒಳ್ಳೆಯ ನಿದ್ದೆಯಲ್ಲಿದ್ದಾಳೆ, ಫೋನಿನ ಸದ್ದಿಗೆ ಪಾಪ ಎಚ್ಚರವಾಗುವುದು ಬೇಡವೆಂದು ತಾನೇ ಎತ್ತಿದೆ ಎಂದಳು. ವಿಷಯವನ್ನು ಮಲಯಾಳದಲ್ಲಿ ಹೇಳಿದರೆ ಎದ್ದ ಮೇಲೆ ತಪ್ಪದೆ ತಿಳಿಸುತ್ತೇನೆ ಎಂದೂ ಹೇಳಿದಳು.

ಹರಿನಾರಾಯಣ ಬಾಯಿ ತೆರೆದ. ಪಿಂಚಣಿಗೆ, ಜಾಗದ ಪಟ್ಟೆಗೆ, ಬಾವಿಗೆ, ಬಿದ್ದ ಮನೆಗೆ ಎಲ್ಲಕ್ಕೂ ಮಲಯಾಳ ಅವನ ನಾಲಗೆಯ ತುದಿಯಲ್ಲಿತ್ತು. ಆದರೆ ಈ ಒಂದು ಸಂಕಟವನ್ನು ಹಿಡಿದುಕೊಂಡು ಅವನ ಅಂಗಡಿಗೆ ಇದುವರೆಗೆ ಒಬ್ಬರೂ ಬಂದಿರಲಿಲ್ಲ.

“ಒರು ತಲಯಣ ಉಂಡಾಯಿರುನ್ನು,” ಎಂದ. ಒಂದು ತಲೆದಿಂಬು ಇತ್ತು ಎಂದು.

ಆ ಹೆಂಗಸು ಇನ್ನೂ ಏನಾದರೂ ಇರಬಹುದೆಂದು ಕಾದಳು. ಇಷ್ಟು ಹೊತ್ತು ಮಾತಾಡಿದ್ದು ಬರೀ ದಿಂಬಿನ ವಿಷಯವಾ ಎಂದು ಅವಳಿಗೆ ಆಶ್ಚರ್ಯವಾಗಿರಬೇಕು. “ಅತ್ರೇ ಉಳ್ಳೋ?” ಎಂದು ಕೇಳಿದಳು.

“ಅಷ್ಟೇ,” ಎಂದು ಹರಿನಾರಾಯಣ ಕನ್ನಡದಲ್ಲಿ ಹೇಳಿ ಫೋನು ಇಟ್ಟ.

“ಎಲ್ಲ ಹೇಳಿದಿರಲ್ಲ!” ಸೌದಾಮಿನಿಯಮ್ಮನ ಮುಖ ಅರಳಿತ್ತು. “ಎಂತ ಹೇಳಿದಳು?”

“ಮಲಗಿದ್ದಾರಂತೆ,” ಎಂದ. “ಒಳ್ಳೆ ನಿದ್ದೆಯಂತೆ.”